ಹೂವು ನಿಮ್ಮದು, ತಳಿ ಯಾರದ್ದು?

ಶಹಾಪುರದ ಕಡೆಯಿಂದ ಒಬ್ಬ ರೈತರು ಚಾನೆಲ್‌ಗೆ ಫೋನ್ ಮಾಡಿದ್ದರು. ಕಾರ್ಯಕ್ರಮ ಮುಗಿದು, ಮೈಕ್ ತೆಗೆದಿಟ್ಟು ಎದ್ದಿದ್ದೆ. ಲೈನ್‌ನಲ್ಲಿ ಕಾಯ್ತಾ ಇದ್ದಾರೆ ಅಂದಾಗ ಮಾತಾಡಿದೆ. "ಸರ, ಹತ್ತಿ ಸಾಕಾಗ್ಯಾದ್ರಿ. ಪಾಲಿಹೌಸ್ ಹಾಕಿ ಗುಲಾಬಿ ಬೆಳೀಬೇಕಂತ ಮಾಡೀನಿ. ಆ ಸಣ್ಣ ಸಣ್ಣ ಗುಲಾಬಿ ಕುಂಡದಾಗ ಮಾರ್ತಾರಲ್ರೀ, ಅವು. ನಮ್ಮ ಬಿಸಲಿಗಿ ಯಾವ ತಳಿ ತಡೀತದ ಹೇಳ್ರಿ" ಅಂದರು.

ಒಂದು ಹೆಸರು ಹೇಳಿ ಫೋನ್ ಇಡಬಹುದಿತ್ತು. ಆದರೆ ಆ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇತ್ತು. ಯಾದಗಿರಿಯ ಬಿಸಿಲಿಗೆ ಅಂತ ಯಾರಾದರೂ ಕೂತು ಒಂದು ಗುಲಾಬಿ ಮಾಡಿದ್ದಾರಾ? ಮಾಡಿಲ್ಲ ಅಂದ್ರೆ ಯಾರು ಮಾಡಬೇಕು?

ನೋಡಿ, ಪಾಲಿಹೌಸ್ ಅಂದ ತಕ್ಷಣ ನಮ್ಮ ಕಣ್ಣಿಗೆ ಕಾಣೋದು ಕಬ್ಬಿಣದ ಪೈಪು, ಪ್ಲಾಸ್ಟಿಕ್ ಹೊದಿಕೆ, ಡ್ರಿಪ್ ಪೈಪ್‌ಲೈನು. ಅದಕ್ಕೆ ಸಬ್ಸಿಡಿ ಇದೆ, ಬ್ಯಾಂಕ್ ಸಾಲ ಇದೆ. ಎಕರೆಗೆ ಹತ್ತಾರು ಲಕ್ಷದ ಬಾಬತ್ತು. ಆದರೆ ದುಡ್ಡು ದುಡಿಯೋದು ಪೈಪಲ್ಲ, ಒಳಗಿರುವ ಗಿಡ. ಮತ್ತು ಪಾಲಿಹೌಸ್ ಗುಲಾಬಿಯ ಹೆಸರಾಂತ ತಳಿಗಳಲ್ಲಿ ಬಹುಪಾಲು ಹುಟ್ಟಿದ್ದು ಹಾಲೆಂಡ್, ಜರ್ಮನಿ, ಫ್ರಾನ್ಸ್, ಡೆನ್ಮಾರ್ಕ್‌ನಲ್ಲಿ. ಅಲ್ಲಿನ ತಳಿಗಾರರಿಗೆ ದೊಡ್ಡ ಚಿಂತೆ ಚಳಿಗಾಲದ ಕತ್ತಲು. ನಮ್ಮ ಚಿಂತೆ ಮೇ ತಿಂಗಳ 42 ಡಿಗ್ರಿ. ಇಬ್ಬರ ಪ್ರಶ್ನೆಯೇ ಬೇರೆ. ಅವರ ಉತ್ತರವನ್ನ ನಾವು ರಾಯಲ್ಟಿ ಕೊಟ್ಟು ತಂದರೆ ನಮ್ಮ ಸಮಸ್ಯೆ ಬಗೆಹರಿಯುತ್ತಾ?

ಮೊದಲು ಈ ಸಣ್ಣ ಗುಲಾಬಿ ಯಾವುದು ಅಂತ ತಿಳಿದುಕೊಳ್ಳೋಣ. ಇದನ್ನ ಮಿನಿಯೇಚರ್ ರೋಸ್ ಅಂತಾರೆ. ಗಿಡ ಮೊಣಕಾಲು ದಾಟುವುದು ಕಡಿಮೆ, ಹೂವು ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಮೂಲ ಚೀನಾದ ಕುಳ್ಳ ಗುಲಾಬಿ. ಯುರೋಪಿನಲ್ಲಿ ಇದು ಕಳೆದೇ ಹೋಯಿತು ಅಂದುಕೊಂಡಿದ್ದರು. ಮೊದಲ ಮಹಾಯುದ್ಧದ ಹೊತ್ತಿಗೆ ಸ್ವಿಟ್ಜರ್‌ಲೆಂಡಿನ ಒಂದು ಹಳ್ಳಿಯಲ್ಲಿ ರೂಲೆ ಎಂಬ ಅಧಿಕಾರಿಯ ಕಣ್ಣಿಗೆ ಇದು ಬಿತ್ತು. ಮನೆಯ ಕಿಟಕಿಯ ಕುಂಡದಲ್ಲಿ ಬೆಳೆದಿತ್ತಂತೆ. ಅವರ ಹೆಸರಲ್ಲೇ ಅದು 'ರೂಲೆಟಿ' ಆಯಿತು. ಆಮೇಲೆ ಹಾಲೆಂಡಿನ ಯಾನ್ ಡಿ ವಿಂಕ್ ಅದರಿಂದ ಹೊಸ ತಳಿಗಳನ್ನ ತೆಗೆದರು.

ಆದರೆ ಈ ಹೂವನ್ನ ಜಗತ್ತಿನ ಕುಂಡಗಳಿಗೆ ತಂದವರು ರಾಲ್ಫ್ ಮೂರ್. 1907ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡವರು, 102 ವರ್ಷದ ತುಂಬು ಬದುಕು. ಅವರ ನರ್ಸರಿ ಇದ್ದದ್ದು ಕ್ಯಾಲಿಫೋರ್ನಿಯಾದ ವೈಸೇಲಿಯಾ ಊರಿನಲ್ಲಿ. ಕ್ಯಾಲಿಫೋರ್ನಿಯಾ ಅಂದ್ರೆ ನಾವು ಸಮುದ್ರ, ತಂಪು ಗಾಳಿ ಅಂದುಕೊಳ್ತೀವಿ. ವೈಸೇಲಿಯಾ ಹಾಗಲ್ಲ. ಒಳನಾಡು, ಬೇಸಿಗೆಯಲ್ಲಿ ನೆತ್ತಿ ಸುಡುವ ಒಣ ಬಿಸಿಲು, ಕಾಲುವೆ ನೀರಿನ ಕೃಷಿ, ಸುತ್ತಮುತ್ತ ಹತ್ತಿ ಬೆಳೆದ ಸೀಮೆ. ಎಲ್ಲೋ ಕೇಳಿದ ಹಾಗಿದೆಯಲ್ಲ? ನಾರಾಯಣಪುರ ಡ್ಯಾಮಿನ ಕಾಲುವೆ, ಶಹಾಪುರ-ಸುರಪುರದ ಹತ್ತಿ, ಅದೇ ಒಣ ಬಿಸಿಲು. ಅಂದ್ರೆ ಸಣ್ಣ ಗುಲಾಬಿಯ ದೊಡ್ಡ ಅಧ್ಯಾಯ ನಡೆದದ್ದು ನಮ್ಮಂಥದ್ದೇ ಒಂದು ಊರಿನಲ್ಲಿ.

ಹಾಗಾದ್ರೆ ಹೊಸ ತಳಿ ಮಾಡೋದು ಹೇಗೆ? ಇದು ಲ್ಯಾಬ್‌ನ ಬಿಳಿ ಕೋಟಿನವರಿಗೆ ಮಾತ್ರ ಸಾಧ್ಯ ಅಂತ ನಾನೂ ಅಂದುಕೊಂಡಿದ್ದೆ. ವಿವರ ತಿಳಿದಾಗ ಅನ್ನಿಸಿದ್ದು, ಅರೆ, ಇದು ಹತ್ತಿ ಕ್ರಾಸಿಂಗ್ ಕೆಲಸ ಅಲ್ವಾ!

ಹತ್ತಿ ಬೀಜೋತ್ಪಾದನೆಯ ಹೊಲ ನೋಡಿದವರಿಗೆ ಇದು ಗೊತ್ತು. ಸಂಜೆ, ಮರುದಿನ ಅರಳಬೇಕಾದ ಮೊಗ್ಗು ಬಿಡಿಸಿ ಗಂಡು ಭಾಗ ಕಿತ್ತು ತೆಗೀತಾರೆ. ಬೆಳಿಗ್ಗೆ ಬೇರೆ ಗಿಡದ ಗಂಡು ಹೂವು ತಂದು ಸವರುತ್ತಾರೆ. ಈ ಕೈಕೆಲಸದ ಮೇಲೆಯೇ ನಮ್ಮ ಹೈಬ್ರಿಡ್ ಹತ್ತಿ ನಿಂತಿದೆ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು ಎರಡು ಬೇರೆ ಜಾತಿಯ ಹತ್ತಿ ಸೇರಿಸಿ 'ವರಲಕ್ಷ್ಮಿ' ಕೊಟ್ಟರು. ಅಂಥ ಹೈಬ್ರಿಡ್ ಹತ್ತಿ ವಾಣಿಜ್ಯ ಬೆಳೆಯಾಗಿ ಹೊಲಕ್ಕೆ ಬಂದದ್ದು ಜಗತ್ತಿನಲ್ಲೇ ಮೊದಲು. ಕನ್ನಡದ ನೆಲದ ಸಾಧನೆ ಅದು.

ಗುಲಾಬಿಯಲ್ಲೂ ಇದೇ ಕೆಲಸ. ತಾಯಿ ಗಿಡದ ಮೊಗ್ಗು ಇನ್ನೇನು ಅರಳಬೇಕು ಅನ್ನುವಾಗ ಎಸಳು ಕಿತ್ತು, ಒಳಗಿನ ಕೇಸರಗಳನ್ನ ಚಿಮಟದಿಂದ ತೆಗೆಯಬೇಕು. ತಂದೆ ಗಿಡದ ಕೇಸರಗಳನ್ನ ಒಂದು ದಿನ ಕಾಗದದ ಮೇಲೆ ನೆರಳಲ್ಲಿ ಒಣಗಿಸಿದರೆ ಹಳದಿ ಪುಡಿ ಉದುರುತ್ತದೆ. ಅದನ್ನ ಮರುದಿನ ಸಣ್ಣ ಬ್ರಷ್‌ನಿಂದ ತಾಯಿ ಹೂವಿಗೆ ಸವರಿ, ಚೀಲ ಕಟ್ಟಿ, ಚೀಟಿ ಹಾಕಬೇಕು. ಚೀಟಿಯಲ್ಲಿ ತಾಯಿ ಯಾರು, ತಂದೆ ಯಾರು, ದಿನಾಂಕ ಏನು. ಮೂರೂವರೆ ನಾಲ್ಕು ತಿಂಗಳಲ್ಲಿ ಕಾಯಿ ಹಣ್ಣಾಗುತ್ತದೆ. ಹೌದು, ಗುಲಾಬಿಗೂ ಕಾಯಿ ಇದೆ. ಹೂವು ಬಾಡುವ ಮೊದಲೇ ಕತ್ತರಿಸುವುದರಿಂದ ನಾವು ನೋಡಿರೋಲ್ಲ ಅಷ್ಟೇ.

ಬೀಜ ತೆಗೆದು ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ ಫ್ರಿಜ್‌ನಲ್ಲಿ, ಸುಮಾರು 4 ಡಿಗ್ರಿಯಲ್ಲಿ, ಎರಡು ತಿಂಗಳು ಇಡಬೇಕು. ಚಳಿಗಾಲ ಕಳೆಯಿತು ಅಂತ ಬೀಜಕ್ಕೆ ನಂಬಿಸುವ ಉಪಾಯ ಇದು. ಆಮೇಲೆ ಬಿತ್ತಿದರೂ ಅರ್ಧಕ್ಕರ್ಧ ಮೊಳೆಯೋದು ಅನುಮಾನ. ಆದರೆ ಸದಾ ಹೂ ಬಿಡುವ ಜಾತಿಯಾದರೆ, ಮೊಳೆತು ಎರಡು ತಿಂಗಳೊಳಗೆ ಗೇಣುದ್ದದ ಸಸಿಯಲ್ಲೇ ಮೊದಲ ಹೂವು ಬರುತ್ತದೆ. ಮಾವು, ತೆಂಗಿನ ತಳಿಗಾರರು ಹೊಟ್ಟೆಕಿಚ್ಚು ಪಡಬೇಕು!

ಇಲ್ಲಿಗೆ ಹತ್ತಿಗೂ ಗುಲಾಬಿಗೂ ದಾರಿ ಬೇರೆಯಾಗುತ್ತದೆ. ಹೈಬ್ರಿಡ್ ಹತ್ತಿಯಲ್ಲಿ ಪ್ರತಿ ವರ್ಷ ಹೊಸದಾಗಿ ಕ್ರಾಸ್ ಮಾಡಬೇಕು, ರೈತ ಪ್ರತಿ ವರ್ಷ ಬೀಜ ಕೊಳ್ಳಬೇಕು. ಗುಲಾಬಿಯಲ್ಲಿ ಒಂದೇ ಕಾಯಿಯ ಹತ್ತು ಬೀಜ ಹತ್ತು ಬೇರೆ ಗಿಡ, ಒಡಹುಟ್ಟಿದ ಮಕ್ಕಳ ಹಾಗೆ. ಅದರಲ್ಲಿ ಒಂದು ಚೆನ್ನಾಗಿದ್ದರೆ ಸಾಕು. ಅದರ ಕಡ್ಡಿ ಮುರಿದು ನೆಟ್ಟರೆ ಅದೇ ಗಿಡ, ಸಾವಿರ ಕಡ್ಡಿಗೆ ಸಾವಿರ ಅದೇ ಗಿಡ. ದೊಡ್ಡ ಗುಲಾಬಿಗೆ ಸಾಮಾನ್ಯವಾಗಿ ಕಸಿ ಬೇಕು, ಸಣ್ಣ ಗುಲಾಬಿ ತನ್ನ ಬೇರಿನ ಮೇಲೇ ಚೆನ್ನಾಗಿ ನಿಲ್ಲುತ್ತದೆ. ಒಮ್ಮೆ ಗೆದ್ದರೆ ಬಹುಕಾಲದ ಗೆಲುವು. ಅದಕ್ಕೇ ತಳಿ ಯಾರದ್ದು ಅನ್ನೋದು ಇಷ್ಟು ಮುಖ್ಯ.

ಆದರೆ ಗೆಲ್ಲೋದು ಸುಲಭ ಅಲ್ಲ. ಎರಡು ತೊಡಕು ಹೇಳ್ತೀನಿ.

ಒಂದು, ಕ್ರೋಮೋಸೋಮ್ ಲೆಕ್ಕ. ಚೀನಾದ ಕುಳ್ಳ ಗುಲಾಬಿಗೆ 14 ಕ್ರೋಮೋಸೋಮ್, ನಮ್ಮ ತೋಟದ ದೊಡ್ಡ ಗುಲಾಬಿಗೆ ಸಾಮಾನ್ಯವಾಗಿ 28. ಎರಡನ್ನೂ ಸೇರಿಸಿದರೆ ಮಗುವಿಗೆ 21 ಬರುತ್ತದೆ. ಜೋಡಿ ಸರಿಯಾಗಿ ಕೂಡದೆ ಅದು ಹೆಚ್ಚಾಗಿ ಬಂಜೆ. ಹೂವು ಚಂದ, ಆದರೆ ಮುಂದಿನ ಪೀಳಿಗೆ ಕಷ್ಟ. ಹತ್ತಿಯಲ್ಲೂ ಇದೇ ಕಥೆ. ದೇಸಿ ಹತ್ತಿಗೆ 26, ಅಮೆರಿಕನ್ ಹತ್ತಿಗೆ 52.

ಎರಡು, ಸದಾ ಹೂ ಬಿಡುವ ಗುಣ ಅಡಗಿ ಕೂರುವಂಥದ್ದು. ಬಿಸಿಲು, ರೋಗ ತಡೆಯಲಿ ಅಂತ ಕಾಡು ಗುಲಾಬಿಯನ್ನ ತಂದು ಸೇರಿಸಿದರೆ ಮೊದಲ ಪೀಳಿಗೆ ಬಹುತೇಕ ವರ್ಷಕ್ಕೊಮ್ಮೆ ಮಾತ್ರ ಹೂ ಬಿಡುತ್ತದೆ. ಪಾಲಿಹೌಸ್ ರೈತನಿಗೆ ಅದು ಕೆಲಸಕ್ಕೆ ಬಾರದ ಗಿಡ. ಅಲ್ಲಿಗೇ ಕಿತ್ತು ಎಸೆದರೆ ಕಥೆ ಮುಗಿಯಿತು. ಎಸೆಯದೆ ಇನ್ನೊಂದು ಪೀಳಿಗೆ ಮುಂದೆ ಹೋದರೆ ಅಡಗಿದ ಗುಣ ಮತ್ತೆ ಹೊರಗೆ ಬರುತ್ತದೆ. ರಾಲ್ಫ್ ಮೂರ್ 1940ರ ದಶಕದಲ್ಲಿ ಕಾಡು ಜಾತಿಯ ಬಳ್ಳಿ ಗುಲಾಬಿಯಿಂದ ಒಂದು ಗಿಡ ತೆಗೆದರು. ಅದಕ್ಕೆ ಹೆಸರೂ ಇಡಲಿಲ್ಲ, 0-47-19 ಅಂತ ಬರೀ ನಂಬರ್. ಆ ನಂಬರ್ ಗಿಡವೇ ಮುಂದೆ ಎಷ್ಟೋ ಪ್ರಸಿದ್ಧ ಸಣ್ಣ ಗುಲಾಬಿಗಳ ಅಮ್ಮ, ಅಜ್ಜಿ ಆಯಿತು.

ನಮ್ಮ ದೇಶದಲ್ಲೂ ಈ ತಾಳ್ಮೆಯ ಜನ ಇದ್ದಾರೆ. ಗೋಧಿ ವಿಜ್ಞಾನಿ ಡಾ. ಬಿ.ಪಿ. ಪಾಲ್, ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಮೊದಲ ಮಹಾನಿರ್ದೇಶಕರು, ಬಿಡುವಿನಲ್ಲಿ ಹತ್ತಾರು ಗುಲಾಬಿ ತಳಿ ಮಾಡಿದರು. ಐಎಎಸ್ ಅಧಿಕಾರಿಯಾಗಿದ್ದ ವೀರರಾಘವನ್ ಕೆಲಸ ಬಿಟ್ಟು ಗುಲಾಬಿ ಹಿಡಿದರು. ಬಿಸಿ ಸೀಮೆಗೆ ಬಿಸಿ ಸೀಮೆಯ ಗುಲಾಬಿಯೇ ಬೇಕು ಅನ್ನೋದು ಅವರ ವಾದ. ಅದಕ್ಕಾಗಿ ಬಂಗಾಳದ ತಗ್ಗು ನೆಲದಲ್ಲಿ ಬೆಳೆಯುವ ರೋಸಾ ಕ್ಲೈನೋಫಿಲಾ ಎಂಬ ಕಾಡು ಗುಲಾಬಿಯನ್ನ ತಳಿ ಕೆಲಸಕ್ಕೆ ತಂದರು. ಇತ್ತ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಡಿ ಹೂವಿಗೆ 'ಅರ್ಕಾ ಸವಿ', ಪಾಲಿಹೌಸ್‌ನ ಕಡ್ಡಿ ಹೂವಿಗೆ 'ಅರ್ಕಾ ಸ್ವದೇಶ್' ತರಹದ ತಳಿ ಕೊಟ್ಟಿದೆ. ಅಂದ್ರೆ ದಾರಿ ಇದೆ. ಅದನ್ನ ಕುಂಡದ ಸಣ್ಣ ಗುಲಾಬಿಯ ಕಡೆಗೂ, ಯಾದಗಿರಿಯ ಬಿಸಿಲಿನ ಕಡೆಗೂ ತಿರುಗಿಸಬೇಕು.

ಈಗ ಇಂಜಿನಿಯರಿಂಗ್ ಓದಿದವನ ಲೆಕ್ಕ ಸ್ವಲ್ಪ ಕೇಳಿ. ಯಾದಗಿರಿಯಲ್ಲಿ ಮನೆಗೆ ಕೂಲರ್ ಇದ್ದ ಹಾಗೆ ಪಾಲಿಹೌಸ್‌ಗೂ ಕೂಲರ್ ಹಾಕಬಹುದು. ಒಂದು ಗೋಡೆಗೆ ಒದ್ದೆ ಪ್ಯಾಡ್, ಎದುರು ಗೋಡೆಗೆ ದೊಡ್ಡ ಫ್ಯಾನ್. ಹೊರಗೆ 42 ಡಿಗ್ರಿ, ಗಾಳಿಯ ತೇವ ಶೇ. 20 ಇದ್ದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸೋದು ಸುಮಾರು 23-24. ಒಳ್ಳೆಯ ಪ್ಯಾಡ್ ಆ ಅಂತರದ ಶೇ. 80ರಷ್ಟು ಇಳಿಸುತ್ತದೆ. ಅಂದ್ರೆ ಪ್ಯಾಡ್ ಹತ್ತಿರ 27-28 ಡಿಗ್ರಿ. ಗುಲಾಬಿಗೆ ಹಗಲು ಬೇಕಾದದ್ದೂ ಅಷ್ಟೇ. ಮಂಗಳೂರಿನ ಜಿಗುಟು ಸೆಕೆಯಲ್ಲಿ ಈ ಆಟ ನಡೆಯಲ್ಲ, ನಮ್ಮ ಒಣ ಬಿಸಿಲೇ ಇಲ್ಲಿ ವರ.

ಆದರೆ ಮಧ್ಯಾಹ್ನ ಎರಡಕ್ಕೆ ಕರೆಂಟ್ ಹೋದರೆ? ಫ್ಯಾನ್ ನಿಂತ ಸ್ವಲ್ಪ ಹೊತ್ತಿಗೇ ಒಳಗೆ ಹೊರಗಿಗಿಂತ ಜಾಸ್ತಿ ಬಿಸಿ. ಎಸಳು ಕಡಿಮೆಯಾಗಿ ಹೂವು ಚಿಕ್ಕದಾಗುತ್ತದೆ, ಬಣ್ಣ ಬಿಳಚುತ್ತದೆ, ಮೈಟ್ ನುಸಿ ಏರುತ್ತದೆ. ತಂಪು ದೇಶದ ತಳಿ ಅಲ್ಲಿಗೆ ಕೈ ಚೆಲ್ಲುತ್ತದೆ. ಬಿಸಿಲು ತಡೆಯುವ ತಳಿ ಅಂದ್ರೆ ಇಲ್ಲಿ ಅಲಂಕಾರ ಅಲ್ಲ, ಸಾಲ ಮಾಡಿದ ರೈತನ ವಿಮೆ.

ಆಯ್ಕೆಯ ಪರೀಕ್ಷೆಯೂ ಕಠಿಣ. ಸಾವಿರಾರು ಸಸಿಗಳಲ್ಲಿ ಮೊದಲ ಹೂವಿಗೇ ಬಹುತೇಕ ಹೊರಗೆ. ಉಳಿದವು ಬೂದಿ ರೋಗ ತಡೆಯಬೇಕು, ಕಡ್ಡಿ ಬೇಗ ಬೇರು ಬಿಡಬೇಕು, ಒಂದು ಕುಂಡದ ಮೂರ್ನಾಲ್ಕು ಕಡ್ಡಿ ಒಂದೇ ಎತ್ತರಕ್ಕೆ ಬೆಳೆದು ಒಟ್ಟಿಗೆ ಅರಳಬೇಕು, ರಾತ್ರಿ ಗಾಡಿಯಲ್ಲಿ ಹೈದರಾಬಾದ್ ಮುಟ್ಟಿದಾಗ ಎಲೆ ಉದುರಿರಬಾರದು. ಇಷ್ಟೆಲ್ಲ ಆಗೋಕೆ ಎಂಟು ಹತ್ತು ವರ್ಷ. ಹಾಗಾಗಿ ಇದು ಒಬ್ಬ ರೈತನ ತಲೆಗೆ ಕಟ್ಟುವ ಕೆಲಸ ಅಲ್ಲ. ಶಹಾಪುರ ತಾಲೂಕಿನ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿದೆ, ಸುರಪುರ ತಾಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಪಾಲಿಹೌಸ್‌ನ ಪೈಪಿಗೆ ಸಬ್ಸಿಡಿ ಕೊಡುವ ಸರ್ಕಾರ ಆ ದುಡ್ಡಿನ ಒಂದು ಪಾಲನ್ನ ಒಳಗಿನ ಗಿಡಕ್ಕೂ ಇಡಬಾರದಾ? ಯಾದಗಿರಿ ಜಿಲ್ಲೆ ಆಗಿದ್ದು 2009ರಲ್ಲಿ. ಅವತ್ತೇ ಒಂದು ಕ್ರಾಸ್ ಮಾಡಿದ್ದರೆ ಇವತ್ತಿಗೆ ತಳಿ ಕೈಯಲ್ಲಿರುತ್ತಿತ್ತು.

ತಳಿ ಮಾಡಿದರೆ ಹಕ್ಕು ಸಿಗುತ್ತಾ? ಸಿಗುತ್ತದೆ. ನಮ್ಮಲ್ಲಿ 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಸಂರಕ್ಷಣಾ ಕಾಯ್ದೆ ಇದೆ. ತಳಿ ಹೊಸದಾಗಿರಬೇಕು, ಬೇರೆಯವಕ್ಕಿಂತ ಭಿನ್ನವಾಗಿರಬೇಕು, ಎಲ್ಲ ಗಿಡ ಒಂದೇ ಥರ ಇರಬೇಕು, ಗುಣ ಬದಲಾಗಬಾರದು. ಗುಲಾಬಿಯಂಥ ಬೆಳೆಗೆ 15 ವರ್ಷದ ರಕ್ಷಣೆ. ಬೇರೆಯವರ ತಳಿಯನ್ನ ಪೋಷಕ ಗಿಡವಾಗಿ ಬಳಸಿ ಹೊಸದು ಹುಟ್ಟಿಸೋಕೆ ಕಾನೂನು ಬಾಗಿಲು ತೆರೆದಿಟ್ಟಿದೆ. ರೈತರಿಗೆ ಪ್ರಾಧಿಕಾರದ ಮುಂದೆ ಶುಲ್ಕದ ವಿನಾಯಿತಿ ಇದೆ. ಒಂದು ಎಚ್ಚರಿಕೆ ಮಾತ್ರ. ದೇಶದೊಳಗೆ ಮಾರಾಟ ಶುರುವಾಗಿ ವರ್ಷ ದಾಟಿದ ಮೇಲೆ ಅರ್ಜಿ ಹಾಕಿದರೆ 'ಹೊಸದು' ಅನ್ನೋ ಪಟ್ಟ ಹೋಗುತ್ತದೆ. ಮಾರುವ ಮೊದಲು ಬರೆಸಿಡಿ.

ಈ ಕಾನೂನು ಯಾಕೆ ಗೊತ್ತಿರಬೇಕು? 2019ರಲ್ಲಿ ಗುಜರಾತಿನ ಆಲೂಗಡ್ಡೆ ರೈತರ ಮೇಲೆ ಪೆಪ್ಸಿಕೋ ಕಂಪನಿ ತಳಿಯ ಹಕ್ಕು ಹೇಳಿ ಕೇಸು ಹಾಕಿದ್ದು, ದೇಶದಲ್ಲಿ ಗಲಾಟೆಯಾದ ಮೇಲೆ ವಾಪಸ್ ತೆಗೆದುಕೊಂಡಿದ್ದು ನಿಮಗೆ ನೆನಪಿರಬಹುದು. ತಳಿಯ ಹಕ್ಕು ಕಾಗದದಲ್ಲಿ ಇರುತ್ತದೆ. ಆ ಕಾಗದದಲ್ಲಿ ಯಾರ ಹೆಸರಿದೆ ಅನ್ನೋದೇ ಪ್ರಶ್ನೆ.

ಆ ಶಹಾಪುರದ ರೈತರಿಗೆ ನಾನು ಹೇಳಿದ್ದು ಇಷ್ಟು. "ಯಜಮಾನ್ರೇ, ಸಾಲದ ಕಾಗದಕ್ಕೆ ಈಗಲೇ ಸಹಿ ಮಾಡಬೇಡಿ. ನಾಲ್ಕೈದು ಥರದ ಸಣ್ಣ ಗುಲಾಬಿ ಹತ್ತತ್ತು ಕುಂಡ ತಂದು ಮನೆ ಹಿಂದೆ ನೆರಳು ಬಲೆ ಕೆಳಗಿಡಿ. ಒಂದು ಮೇ ತಿಂಗಳು ಕಳೀಲಿ. ಯಾವುದು ಸತ್ತಿತು, ಯಾವುದು ಹೂ ಬಿಟ್ಟಿತು ಬರೆದಿಡಿ. ಆ ಪಟ್ಟಿ ಹಿಡಿದು ಭೀಮರಾಯನಗುಡಿಗೆ ಹೋಗಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕ್ರಾಸಿಂಗ್ ಕೆಲಸ ನಮ್ಮ ಮನ್ಯಾಗ ಹೆಣ್ಮಕ್ಕಳಿಗಿ ಬರ್ತದ್ರಿ ಸರ, ಹತ್ತಿದು ಮಾಡ್ಯಾರ" ಅಂದರು.

ಬೇರೆಯವರ ಬೀಜ ಕಂಪನಿಗೆ ದಿನಗೂಲಿಗೆ ಆ ಕೈಗಳು ಎಷ್ಟೋ ವರ್ಷ ಆ ಕೆಲಸ ಮಾಡಿವೆ. ಒಂದು ಸಲ ತಮ್ಮ ಹೆಸರಿಗೂ ಮಾಡಲಿ.