ಮೂವರು ಅಳತೆಗಾರರಲ್ಲಿ ಉಳಿದವನೊಬ್ಬ

ರಾವಂದೂರಿನ ಹೊಗೆಸೊಪ್ಪಿನ ಬೆಳೆಗಾರರ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಬುಡದಲ್ಲಿ ದುಡಿಯುವುದು ಲಿನಕ್ಸ್ ಕರ್ನಲ್. ಮೆಮೊರಿಯನ್ನು ಯಾರಿಗೆ ಎಷ್ಟು ಅಳೆದು ಕೊಡಬೇಕು, ಯಾವಾಗ ವಾಪಸ್ ಪಡೆಯಬೇಕು ಎಂಬ ಲೆಕ್ಕವೆಲ್ಲ ಅದರದು. ಒಂದು ಫೈಲ್ ತೆರೆದರೂ ಕೆಲವು ನೂರು ಬೈಟ್ ಬೇಕು. ಪ್ರತಿ ಸಲವೂ 4,096 ಬೈಟಿನ ಇಡೀ ಪುಟವನ್ನೇ ಕೊಟ್ಟರೆ ಪಾವು ಅಕ್ಕಿ ಕೇಳಿದವರಿಗೆ ಮೂಟೆ ಹೊರಿಸಿದಂತೆ. ಅದಕ್ಕೇ ಪುಟವನ್ನು ಸಣ್ಣ ತುಂಡು ಮಾಡಿಟ್ಟುಕೊಳ್ಳುವ ಕೋಡ್ ಕರ್ನಲ್‌ನಲ್ಲಿದೆ. ಈ ಒಂದೇ ಕೆಲಸಕ್ಕೆ 2007ರಿಂದ ಮೂರು ಕೋಡ್‌ಗಳಿದ್ದವು: ಹಳೆಯ ಸ್ಲ್ಯಾಬ್, ಪುಟ್ಟ ಯಂತ್ರಗಳಿಗೆಂದು ಬರೆದ ಸ್ಲೊಬ್, ಆ ವರ್ಷ ಬಂದ ಸ್ಲಬ್.

ಅವುಗಳಲ್ಲಿ ಎರಡನ್ನು ಈಗ ತೆಗೆದುಹಾಕಿದ್ದಾರೆ. ನಡೆಯುತ್ತಿರುವುದನ್ನು ಯಾಕೆ ಕೆದಕಬೇಕು ಎಂಬ ಪ್ರಶ್ನೆ ಸಹಜ. ಆದರೆ ಹಳೆಯ ಕೋಡ್ ಸುಮ್ಮನೆ ಬಿದ್ದಿರುವುದಿಲ್ಲ. ಹೊಸ ಸೌಲಭ್ಯ ಬಂದಾಗಲೆಲ್ಲ ಮೂರು ಕಡೆಯೂ ಹೊಂದಿಸಿ ಪರೀಕ್ಷಿಸಬೇಕು. ಉದಾಹರಣೆಗೆ, ಒಂದು ಬಗೆಯ ತುಂಡಿಗೆಂದೇ ಇಟ್ಟ ಪ್ರತ್ಯೇಕ ದಾಸ್ತಾನಿನಿಂದ ಪಡೆದದ್ದನ್ನು ‘ಕೆಫ್ರೀ’ ಎಂಬ ಸಾಮಾನ್ಯ ಆಜ್ಞೆಯಿಂದ ಹಿಂದಿರುಗಿಸುವುದು ಉಳಿದೆರಡರಲ್ಲಿ ಸಲೀಸು, ಸ್ಲೊಬ್‌ನಲ್ಲಿ ಆಗುತ್ತಿರಲಿಲ್ಲ. ಆ ಒಂದರ ಸಲುವಾಗಿ ಎಲ್ಲರಿಗೂ ಕಟ್ಟುಪಾಡು! ಹಾಗಾದರೆ ಕಡಿಮೆ ಮೆಮೊರಿಯ ಬಡ ಯಂತ್ರಗಳ ಗತಿಯೇನು? ಇದು ತೂಕದ ಆಕ್ಷೇಪ, ಮತ್ತು ಅದಕ್ಕೆ ಸಿಕ್ಕ ಉತ್ತರವೇ ನನಗೆ ಹಿಡಿಸಿದ್ದು. ಕರ್ನಲ್‌ನ 2023ರ ಫೆಬ್ರವರಿಯ 6.2 ಆವೃತ್ತಿಯಲ್ಲಿ ಮೊದಲು ಸ್ಲಬ್‌ಗೇ ಮಿತವ್ಯಯದ ರೂಪವೊಂದನ್ನು ಸೇರಿಸಿದರು, ಆಮೇಲಷ್ಟೇ 6.4ರಲ್ಲಿ ಸ್ಲೊಬ್ ತೆಗೆದರು. ಸ್ಲ್ಯಾಬ್ ಹೋಗಲಿದೆ ಎಂದು 6.5ರಲ್ಲೇ ಎಚ್ಚರಿಸಿ, ಕರ್ನಲ್ ಅಭಿವರ್ಧಕ ವ್ಲಾಸ್ತಿಮಿಲ್ ಬಾಬ್ಕಾ ಅವರ ಮುತುವರ್ಜಿಯಲ್ಲಿ 2024ರ ಮಾರ್ಚ್‌ನ 6.8ರಲ್ಲಿ ಅದನ್ನೂ ಅಳಿಸಿದರು.