ಜಾತ್ರೆಗಳು ನಿಂತ ಕಾಲ: ಲೈಂಗಿಕ ಅಲ್ಪಸಂಖ್ಯಾತರ ಮನಃಸ್ಥಿತಿ

2020ರ ಮಾರ್ಚ್ 25ರಂದು ದೇಶದಾದ್ಯಂತ ಜಾರಿಗೆ ಬಂದ ಲಾಕ್‌ಡೌನ್ ಆದೇಶದ ಹಿಂದೆ ಮನೆಯೇ ಎಲ್ಲರಿಗೂ ಸುರಕ್ಷಿತವೆಂಬ ನಂಬಿಕೆಯಿತ್ತು. ಆದರೆ ಸಲಿಂಗ ಅಥವಾ ದ್ವಿಲಿಂಗ ಆಕರ್ಷಣೆಯುಳ್ಳವರು, ಹುಟ್ಟಿದಾಗ ಗುರುತಿಸಿದ ಲಿಂಗಕ್ಕೆ ತಾವು ಸೇರಿದವರಲ್ಲವೆಂದು ಅರಿತವರು, ಒಟ್ಟಾರೆ ಲೈಂಗಿಕ ಅಲ್ಪಸಂಖ್ಯಾತರೆನಿಸಿಕೊಂಡವರಲ್ಲಿ ಅನೇಕರು ಸ್ವಂತ ಸ್ವಭಾವವನ್ನು ಹೆಚ್ಚಾಗಿ ಮುಚ್ಚಿಡಬೇಕಾದದ್ದು ಮನೆಯವರೆದುರಿನಲ್ಲಿಯೇ.

ಅಮೆರಿಕದ ಸಂಶೋಧಕ ಇಲಾನ್ ಮೇಯರ್ 2003ರಲ್ಲಿ ವಿಸ್ತರಿಸಿದ 'ಅಲ್ಪಸಂಖ್ಯಾತ ಒತ್ತಡ'ದ ಸಿದ್ಧಾಂತದ ಪ್ರಕಾರ, ಇಂಥವರಲ್ಲಿ ಹೆಚ್ಚಾಗಿ ಕಾಣುವ ಖಿನ್ನತೆ ಮತ್ತು ಆತಂಕಕ್ಕೆ ಅವರ ಸ್ವಭಾವವು ಕಾರಣವಲ್ಲ; ನಿಂದೆ, ತಿರಸ್ಕಾರದ ಭಯ, ಗುಟ್ಟು ಕಾಯುವ ಶ್ರಮ, ಸಮಾಜದ ಹೀಗಳಿಕೆಯನ್ನು ತಾವೇ ನಂಬಿಬಿಡುವುದು ಇವೆಲ್ಲ ಸೇರಿ ದಿನನಿತ್ಯ ಹೇರುವ ಭಾರವೇ ಕಾರಣ. ಆ ಭಾರವನ್ನು ಹಗುರ ಮಾಡುವುದು ತಮ್ಮಂಥವರ ಒಡನಾಟ. ಕೋವಿಡ್ ಮಹಾಮಾರಿ ಕಿತ್ತುಕೊಂಡದ್ದು ಮುಖ್ಯವಾಗಿ ಅದನ್ನೇ.

ಕನ್ನಡ, ತೆಲುಗು ಎರಡೂ ಬೆರೆತ ಆದೋನಿ, ಪೆದ್ದಹರಿವಾಣದ ಗಡಿಸೀಮೆಯಿಂದ ಬಳ್ಳಾರಿ, ಕೊಪ್ಪಳ, ಬೆಳಗಾವಿಯವರೆಗೆ ಹಬ್ಬಿರುವ ಎಲ್ಲಮ್ಮನ ಭಕ್ತಿಯ ನೆಲದಲ್ಲಿ ಈ ಒಡನಾಟಕ್ಕೆ ಬಹುಕಾಲದಿಂದ ಒಂದು ನೆಲೆಯಿದೆ. ಗಂಡಾಗಿ ಹುಟ್ಟಿ, ದೇವಿಯ ಮುತ್ತು ಕಟ್ಟಿಸಿಕೊಂಡು ಸೀರೆಯುಟ್ಟು ಬಾಳುವ ಜೋಗಪ್ಪಗಳು ಪಡಲಿಗೆ ಹೊತ್ತು, ಚೌಡಿಕೆ ನುಡಿಸಿ, ಜೋಗ ಬೇಡಿ ಜೀವಿಸುತ್ತಾರೆ. ಸವದತ್ತಿ, ಹುಲಿಗಿಯ ಹುಣ್ಣಿಮೆ ಜಾತ್ರೆಗಳಲ್ಲಿ ಅವರು ಗುರುಗಳನ್ನೂ ಗೆಳತಿಯರನ್ನೂ ಕೂಡಿಕೊಳ್ಳುತ್ತಾರೆ. ಗುಡಿಗಳು ಮುಚ್ಚಿ, ಜಾತ್ರೆಗಳು ನಿಂತು, ಮನೆ ಬಾಗಿಲಿಗೆ ಬಂದವರನ್ನು ಜನ ಸೋಂಕಿನ ಭಯದಿಂದ ದೂರ ನಿಲ್ಲಿಸತೊಡಗಿದಾಗ ಅನ್ನವೂ ಆಸರೆಯೂ ಒಟ್ಟಿಗೇ ತಪ್ಪಿದವು. ಕೇಂದ್ರ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರಿಗೆ 2020ರಲ್ಲಿ ಘೋಷಿಸಿದ 1,500 ರೂಪಾಯಿಯ ನೆರವು ಒಂದು ತಿಂಗಳ ದಿನಸಿಗೂ ಸಾಲದಷ್ಟು ಅಲ್ಪವಾಗಿತ್ತು. ಇದೇ ಮಹಾಮಾರಿಯ ನಡುವೆ, 2021ರ ಜನವರಿಯಲ್ಲಿ, ಬಳ್ಳಾರಿ ಸೀಮೆಯ ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಘೋಷಣೆಯಾಯಿತು. ಕಲೆಗೆ ಗೌರವ ದೊರೆತ ಆ ಹೊತ್ತಿನಲ್ಲಿ ಆ ಕಲೆಯನ್ನೇ ನಂಬಿದವರ ಅಂಗಳಗಳು ಖಾಲಿಯಾಗಿದ್ದವು.

ಜೋಗಪ್ಪಗಳಿಗೆ ಊರು ಗುರುತಿಸುವ ಒಂದು ಹೆಸರಾದರೂ ಇದೆ. ಹಳ್ಳಿಯ ಸಲಿಂಗ ಆಕರ್ಷಣೆಯ ಯುವಕ ಯುವತಿಯರಿಗೆ ಅದೂ ಇಲ್ಲ. ದುಡಿಮೆಗೆ ಗುಂಟೂರಿಗೋ ಬೆಂಗಳೂರಿಗೋ ಹೋಗಿ ಅಲ್ಲಿ ತುಸು ಉಸಿರಾಡುತ್ತಿದ್ದವರು ಕೆಲಸ ಕಳೆದುಕೊಂಡು ಊರಿಗೆ ಮರಳಿದಾಗ, ಒಂದೇ ಕೋಣೆಯ ಮನೆಯಲ್ಲಿ ಮದುವೆಯ ಮಾತಿನ ಒತ್ತಾಯವನ್ನು ಕೇಳುತ್ತಾ, ಫೋನಿನಲ್ಲಿಯೂ ಮನಬಿಚ್ಚಿ ಮಾತಾಡಲಾಗದೆ ಉಳಿಯಬೇಕಾಯಿತು.

ಇಂಥವರ ನೆರವಿಗೆ ಕಾನೂನಿದೆ: ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017, ಲೈಂಗಿಕ ಒಲವಿನ ಕಾರಣಕ್ಕೆ ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ. ಸಲಿಂಗ ಆಕರ್ಷಣೆ ಕಾಯಿಲೆಯಲ್ಲವೆಂದು ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಸ್ಪಷ್ಟಪಡಿಸಿತು. ಅದನ್ನು 'ಸರಿಪಡಿಸುವ' ಚಿಕಿತ್ಸೆಯು ವೃತ್ತಿ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿತು. ಆದ್ದರಿಂದ ಮಗನನ್ನೋ ಮಗಳನ್ನೋ ಅಂಥ ಚಿಕಿತ್ಸೆಗೆ ಕರೆದೊಯ್ಯುವ ಯೋಚನೆಯನ್ನು ಹೆತ್ತವರು ಬಿಡಬೇಕು. ಮನಸ್ಸು ಕುಗ್ಗಿದವರು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮಾತನಾಡಬಹುದು.