ನಿಮಗಿದು ಗೊತ್ತೆ? ಖಿನ್ನತೆಗೆ ಮೊದಲು ತಾಯತ ಏಕೆ?

ಖಿನ್ನತೆ ಬಹಳ ಸಲ ಮೈನೋವಾಗಿಯೇ ಕಾಣಿಸಿಕೊಳ್ಳುತ್ತದೆ: ತಲೆಭಾರ, ಸುಸ್ತು, ನಿದ್ದೆಗೇಡು, ಊಟ ಸೇರದಿರುವುದು. ಹಾಗಾಗಿ ಮನೆಯವರಿಗೆ ಅದು ಮನಸ್ಸಿನ ಕಾಯಿಲೆ ಎನಿಸುವುದಿಲ್ಲ. ಗಾಳಿ ಸೋಕಿದೆ, ಯಾರೋ ಮಾಟ ಮಾಡಿಸಿದ್ದಾರೆ ಎಂದು ತಾಯತ ಕಟ್ಟಿಸುತ್ತಾರೆ. ದಾವಣಗೆರೆ ಸೀಮೆಯಲ್ಲಿ ಅನೇಕರು ತುಂಗಭದ್ರೆಯ ದಡದ ಉಕ್ಕಡಗಾತ್ರಿ ಅಜ್ಜಯ್ಯನ ಗದ್ದುಗೆಗೆ ಹೋಗುತ್ತಾರೆ. ಅಲ್ಲಿ ಮನೆಮಂದಿಯೆಲ್ಲ ಜೊತೆಗಿರುತ್ತಾರೆ, ‘ಹುಚ್ಚು’ ಎಂಬ ಹಣೆಪಟ್ಟಿಯ ಭಯವಿಲ್ಲ. ಆ ನೆಮ್ಮದಿಯನ್ನು ಹಳಿಯಬೇಕಿಲ್ಲ, ಆದರೆ ಚಿಕಿತ್ಸೆ ತಡವಾಗಬಾರದು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ, ಖಿನ್ನತೆಯುಳ್ಳವರಲ್ಲಿ ಸುಮಾರು ಶೇ 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನವರೇ, ಹರಕೆಯ ಜೊತೆಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೂ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.